ಆರನೇ ಮಹಡಿಯ ಲಿಫ್ಟು

ಎಪ್ಪತ್ತರ ದಶಕದಲ್ಲಿ ಮದರಾಸಿನ ಒಂದು ವಿಮಾ ಕಚೇರಿಯ ಆರನೇ ಮಹಡಿಯಲ್ಲಿ ನನಗೆ ಕೆಲಸ. ಲಿಫ್ಟ್ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಮೆಟ್ಟಿಲು ಹತ್ತಿ ದಿನಾ ತಡವಾಗುತ್ತಿತ್ತು, ದಿನಾ ರಿಜಿಸ್ಟರಿನಲ್ಲಿ ಕಾರಣ ಬರೆಯುತ್ತಿದ್ದೆ.

ನನ್ನ ಬೆವರು ನೋಡಿ ಲಿಫ್ಟ್ ನಡೆಸುವ ಮುರುಗೇಶನ್ ಒಂದು ದಿನ ತಮಿಳಿನಲ್ಲಿ, "ಸಾರ್, ಇವತ್ತು ಸುಮ್ನೆ ಒಳಗೆ ನಿಂತ್ಕೊಳ್ಳಿ, ಬಾಗಿಲು ಹಾಕಲ್ಲ," ಎಂದರು. ಮಾರನೇ ದಿನ ಬಾಗಿಲು ಹಾಕಿ ತೆಗೆದರು. ಆಮೇಲೆ ವಾರಕ್ಕೊಂದು ಮಹಡಿ. ಆರನೆಯದು ಮುಟ್ಟಿದ ದಿನ ನನಗಿಂತ ಅವರೇ ಹೆಚ್ಚು ನಕ್ಕರು.

ಮರುವರ್ಷ ಕಾಮಾಲೆಯಾಗಿ ಅವರು ತೀರಿಕೊಂಡರು. ಕಾಗದಪತ್ರಕ್ಕೆ ಸಹಿ ಹಾಕಲು ಬಂದ ಅವರ ಹೆಂಡತಿ ಲಿಫ್ಟಿನ ಮುಂದೆ ನಿಂತುಬಿಟ್ಟರು.

"ಬನ್ನಿ ಅಮ್ಮಾ, ಭಯ ಇಲ್ಲ," ಎಂದೆ.

"ಭಯ ಇದ್ದದ್ದು ಅವರಿಗೆ ಸಾರ್. ದಿನಾ ಕರ್ಪೂರ ಹಚ್ಚಿ ಕೈಮುಗಿದೇ ಮನೆಯಿಂದ ಹೊರಡೋರು. 'ಆ ಕನ್ನಡದ ಸಾರ್ ಜೊತೆಗಿದ್ರೆ ನಂಗೂ ಧೈರ್ಯ' ಅನ್ನೋರು." ಒಳಗೆ ನಿಂತಿದ್ದ ಹೊಸಬನನ್ನು ನೋಡಿ ಮುಖ ತಿರುಗಿಸಿದರು. "ಅವರ ಜಾಗದಲ್ಲಿ ಇನ್ನೊಬ್ಬರನ್ನ ನೋಡೋಕಾಗಲ್ಲ."

ಇಬ್ಬರೂ ಮೆಟ್ಟಿಲು ಹತ್ತಿದೆವು. ಪ್ರತಿ ಮಹಡಿಯಲ್ಲೂ ಆಕೆ ಕೂತು ಸುಧಾರಿಸಿಕೊಂಡರು.

ಅಂದು ರಿಜಿಸ್ಟರಿನಲ್ಲಿ ತಡವಾದದ್ದಕ್ಕೆ 'ಲಿಫ್ಟ್ ಕೆಟ್ಟಿದೆ' ಎಂದು ಬರೆದೆ. ಪಕ್ಕದಲ್ಲೇ ಅದು ಚೆನ್ನಾಗಿ ಏರಿಳಿಯುತ್ತಿತ್ತು.