ಗದ್ದೆ ನೋಡಿ ಕೋವಿ ಕೊಟ್ಟವರು

ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ಕೋವಿಯನ್ನು ಮೊನ್ನೆ ವಾಪಸು ತಂದೆ. ಗೋಣಿ ಬಿಚ್ಚಿದೊಡನೆ ಎಣ್ಣೆ, ತುಕ್ಕು, ಹಳೆಯ ಮದ್ದು ಎಲ್ಲ ಕಲೆತ ವಾಸನೆ. ಸೊರಬದ ಕೋವಿ ರಿಪೇರಿ ಸಾಬರ ಅಂಗಡಿಯೂ ಹೀಗೇ ನಾರುತ್ತಿತ್ತು...

ಐವತ್ತರ ದಶಕದ ಕೊನೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಾಳಗುಂದದ ಹತ್ತಿರ ಒಂದಿಷ್ಟು ಗದ್ದೆಯನ್ನು ನನ್ನ ರಟ್ಟೆಯಿಂದಲೇ ಹಸನು ಮಾಡಿದ್ದೆ. ಎರಡು ವರ್ಷ ಕಾಡುಹಂದಿಗಳು ತೆನೆಗಟ್ಟಿದ ಭತ್ತವನ್ನು ಮಲಗಿಸಿಬಿಟ್ಟಿದ್ದವು. ಮೂರನೆಯ ಬೆಳೆಯೂ ಹೋದರೆ ಮನೆಯವರು ಉಣ್ಣುವುದೇನು? ಶಿಕಾರಿಪುರದ ಕಚೇರಿಗೆ ಅಲೆದು ಲೈಸೆನ್ಸು ಮಾಡಿಸಿಕೊಂಡು ಸೊರಬಕ್ಕೆ ಹೋದೆ.

ಅಂಗಡಿಯಲ್ಲಿ ದುರ್ಬೀನು ಕೂರಿಸಿದ ರೈಫಲ್ಲೊಂದಿತ್ತು. ಯಾರೋ ಸಾಹುಕಾರರು ಮಾರಲು ಬಿಟ್ಟದ್ದು. ಬೆಲೆ ನನ್ನ ಕೈಗೆಟುಕುವಂತಿತ್ತು. "ಇದನ್ನೇ ಕೊಡ್ರಿ" ಅಂದೆ.

"ಮೊದ್ಲು ಗದ್ದೆ ತೋರ್ಸ್ರಿ ಗೌಡ್ರೇ. ಗದ್ದೆ ನೋಡ್ದೆ ನಾ ಯಾರಿಗೂ ಕೋವಿ ಕೊಟ್ಟೋನಲ್ಲ."

ಸಾಬರು ದುರ್ಬೀನನ್ನು ಮಾತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ನಾನು ಕಾಯುವ ಬದುವಿನಿಂದ ಹಂದಿ ನುಗ್ಗುವ ಜಾಗದವರೆಗೆ ಹೆಜ್ಜೆ ಹಾಕಿ ಅಳೆದರು. ಮೂವತ್ತು.

"ಇಷ್ಟಕ್ಕೆ ದುರ್ಬೀನು ಯಾಕ್ರೀ? ಹಂದಿ ಮೈಮೇಲಿನ ಕೂದ್ಲು ಎಣಿಸ್ತೀರೇನು?"

ಹುಲ್ಲು ಕೊಯ್ಯುತ್ತಿದ್ದವರು ಕಿಸಕ್ಕನೆ ನಕ್ಕರು. ನನಗೆ ಉರಿದುಹೋಯಿತು. "ದುಡಿದ ದುಡ್ಡು ನಂದು ಸಾಬ್ರೇ. ನಿಮಗೇನು ಹೊಟ್ಟೆಯುರಿ?"

ಅವರು ಮುಖ ಕೆಡಿಸಿಕೊಳ್ಳಲಿಲ್ಲ. ದುರ್ಬೀನನ್ನು ಕೈಗಿಟ್ಟು, ಹಂದಿ ಬರುವ ಜಾಗದ ನೇರಕ್ಕೇ ನೋಡಲು ಹೇಳಿದರು. ಬೆಳೆಯಾಚೆ, ಬೇಲಿಯಾಚೆ, ಬೇರೆ ಮನೆ ಮಾಡಿದ್ದ ಅಣ್ಣನ ಹಿತ್ತಿಲು. ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದರು. ಬಳೆಯ ಬಣ್ಣ ಕೂಡ ಕಂಡಿತು.

"ರೈಫಲ್ಲಿನ ಗುಂಡು ಗುರಿ ತಪ್ಪಿದ್ರೆ ಅಲ್ಲೀತನಕ ಹೋಗುತ್ತೆ. ಚರೆ ಸಣ್ಣ ಸೀಸದ ಕಾಳು, ಅಷ್ಟು ದೂರ ಹೋಗಲ್ಲ" ಅಂದರು.

ಕೊನೆಗೆ ಅಂಗಡಿಗೆ ಮರಳಿ, ರೈಫಲ್ಲಿಗಿಂತ ಅಗ್ಗದ, ಹಳೆಯ ಒಂಟಿ ನಳಿಗೆಯ ಚರೆ ಕೋವಿ ಕೊಟ್ಟರು. ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆದರೆ ಗುರಿ ನೇರ ಕಾಣಬೇಕು. ಹಾಗಾಗುವ ತನಕ ಹಿಡಿಯ ಮರವನ್ನು ಉಜ್ಜಿದರು, ನನ್ನಿಂದ ಹತ್ತಾರು ಸಲ ಎತ್ತಿಸಿದರು. ರೈಫಲ್ಲು ಮಾರಿದ್ದರೆ ಅವರಿಗೇ ಲಾಭ. ನಾನೋ, ಒಂದು ಒಳ್ಳೆಯ ಮಾತೂ ಆಡದೆ ಎದ್ದು ಬಂದೆ.

ಸುಗ್ಗಿಯ ಹೊತ್ತಿಗೆ ಒಂದು ಸಂಜೆ ಹಂದಿಗಳು ಬಂದವು. ಹೊಡೆದೆ. ತಪ್ಪಿತು. ಸದ್ದಿಗೆ ಹೆದರಿ ಓಡಿದ ಹಂದಿಗಳು ಆ ವರ್ಷ ಮತ್ತೆ ಬರಲಿಲ್ಲ. ಬೆಳೆ ಮನೆ ಸೇರಿತು. ಆದರೆ ಆ ಸಂಜೆ ನಾನು ನೋಡುತ್ತಿದ್ದದ್ದು ಬೇಲಿಯ ಗೂಟವನ್ನು. ಚರೆಗಳು ಅದರಲ್ಲಿ ಕಚ್ಚಿಕೊಂಡಿದ್ದವು. ಆಚೆಯಿಂದ ಅತ್ತಿಗೆಯ ಕೂಗು: "ಏನೋ ಮೈದ್ನ, ಬಿತ್ತೇನೋ?"

"ಇಲ್ಲ ಅತ್ತಿಗೆ, ತಪ್ಪೋಯ್ತು!" ಎಂದೆ.

ಸಾಬರ ಮುಂದೆ ನಿಂತು 'ತಪ್ಪಾಯ್ತು' ಅನ್ನಲು ನನ್ನಂಥ ಬಿಗುಮಾನದವನಿಗೆ ನಾಲ್ಕು ತಿಂಗಳು ಬೇಕಾಯಿತು. ಹೋದಾಗ ಅಂಗಡಿಗೆ ಬೀಗ. "ಸಾಬ್ರು ತೀರ್ಕೊಂಡು ತಿಂಗಳಾಯ್ತಲ್ರೀ" ಎಂದರು ಪಕ್ಕದ ಸೈಕಲ್ ಅಂಗಡಿಯವರು...

ಅತ್ತಿಗೆ ಹೋದ ವರ್ಷ ತೀರಿಕೊಂಡರು. ತುಂಬು ವಯಸ್ಸು, ಮೊಮ್ಮಕ್ಕಳ ಕೈಯಿಂದ ನೀರು ಕುಡಿದೇ ಹೋದರು. ಅವರು ಹೀಗೆ ತುಂಬಿ ಬಾಳಿದ್ದನ್ನು ಮೊದಲು ತಿಳಿಸಬೇಕಾದದ್ದು ಸೊರಬದ ಸಾಬರ ಮನೆಗೆ. ಈಗ ಅಲ್ಲಿ ಯಾರೂ ಇಲ್ಲ.