ಭಾವನ ಕೈಗುಣ

ಬೇಕರಿಯ ಹಿಂಬದಿಯ ಕೋಣೆಯಲ್ಲಿ ಗೋಡೆಯತ್ತ ಮುಖ ತಿರುಗಿಸಿಟ್ಟಿರುವ ತಕ್ಕಡಿ ಭಾವ ರಿಪೇರಿ ಮಾಡಿದ್ದು. ಮೇಲೆ ಏನೂ ಇಡದಿದ್ದರೂ ಅದು ನಲವತ್ತು ಗ್ರಾಂ ತೋರಿಸುತ್ತದೆ. ಅಕ್ಕನ ಬಟ್ಟೆ ಒಗೆಯುವ ಮೆಷಿನ್ ಕೂಡ ಒಮ್ಮೆ ಅವರ ಕೈಗೆ ಸಿಕ್ಕಿತ್ತು. ಅಂದಿನಿಂದ ಅದು ತಿರುಗಲು ಶುರುವಾದರೆ ಬಚ್ಚಲಿನಿಂದ ನಡುಮನೆಯವರೆಗೆ ನಡೆದು ಬರುತ್ತದೆ. ಅಕ್ಕ ಅದರ ಮೇಲೆ ಕೂತು ಹಿಡಿದುಕೊಳ್ಳಬೇಕು. ಗೋಡೆಯ ಗಡಿಯಾರ ಮಾತ್ರ ಭಾವನ ಕೈಯಲ್ಲಿ ಸುಮ್ಮನೆ ಸತ್ತುಹೋಯಿತು, ಯಾರಿಗೂ ತೊಂದರೆ ಕೊಡಲಿಲ್ಲ.

ನೀರು ಸರಬರಾಜು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತೆರಡು ವರ್ಷ ಕಡತಗಳ ಧೂಳು ಕೊಡವಿ ನಿವೃತ್ತರಾದ ಮನುಷ್ಯ ಅವರು. ಯಂತ್ರವಿದ್ಯೆ ಎಲ್ಲಿ ಕಲಿತರು ಎಂದು ಕೇಳಿದರೆ, ಕಚೇರಿಗೆ ಫ್ಯಾನ್ ಸರಿಮಾಡಲು ಬರುತ್ತಿದ್ದವರ ಪಕ್ಕದಲ್ಲಿ ಕೈಕಟ್ಟಿ ನಿಂತು ಕಲಿತರು. ಅಂಗಿಯ ಜೇಬಿನಲ್ಲಿ ಬೇರೆಯವರಿಗೆ ಪೆನ್ನಿದ್ದರೆ ಇವರಿಗೆ ಹಳದಿ ಹಿಡಿಯ ಸ್ಕ್ರೂಡ್ರೈವರ್. ಯಾವ ಯಂತ್ರ ಕೆಟ್ಟಿದೆ ಎಂದು ಕಿವಿಗೆ ಬಿದ್ದರೂ ಕರೆಯದೆ ಬರುತ್ತಾರೆ, ಮೊದಲು ಅದರ ತಲೆಯ ಮೇಲೆ ಎರಡೇಟು ಹಾಕುತ್ತಾರೆ, ಆಮೇಲೆ "ಇದೇನು ಮಹಾ" ಎನ್ನುತ್ತಾರೆ. ಈ ಎರಡು ಪದ ಕೇಳಿದರೆ ಮನೆಯ ಹೆಂಗಸರು ಆ ಯಂತ್ರದ ಆಸೆ ಬಿಡುತ್ತಾರೆ. ಗಂಡಸರಿಗೆ ಮಾತ್ರ ಅವರ ಮೇಲೆ ಎಲ್ಲಿಲ್ಲದ ಭಕ್ತಿ. ಮನೆಯ ಹಿರಿಯ ಅಳಿಯ, ದಪ್ಪ ಧ್ವನಿ, ಬಿಳಿ ಮೀಸೆ. ಇಷ್ಟಿದ್ದರೆ ತಿಳಿವಳಿಕೆ ಇರಲೇಬೇಕೆಂಬ ನಿಯಮವೇನಿಲ್ಲ ಎಂಬುದು ಆ ಗಂಡಸರಿಗೆ ಹೊಳೆದೇ ಇಲ್ಲ.

ಬೇಕರಿ ಅಣ್ಣನದು. ಅಲ್ಲಿ ಕೇಕಿನ ಮೇಲೆ ಫೋಟೋ ಹಾಕುವ ಕೆಲಸ ತಂಗಿಯದು. ವಯಸ್ಸು ನಲವತ್ತೊಂದು, ಕಿವಿಯ ಮೇಲೆ ನರೆ ಇಣುಕಿದೆ, ಆದರೂ ಮನೆಮಂದಿಗೆಲ್ಲ ಅವಳಿನ್ನೂ ಪುಟ್ಟಿ. ಹದಿನಾಲ್ಕು ವರ್ಷ ಅದೇ ಬೇಕರಿಯಲ್ಲಿ ಜಿಡ್ಡು ಹಿಡಿದ ತಟ್ಟೆಗಳನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ಬೆರಳ ಸಂದುಗಳು ಒಡೆದ ಮೇಲೆ, ಹಟ ಹಿಡಿದು ಆ ಪ್ರಿಂಟರ್ ತರಿಸಿದ್ದಳು. ನೋಡಲು ಆಫೀಸಿನ ಪ್ರಿಂಟರಿನ ಹಾಗೇ ಇದೆ. ಆದರೆ ಒಳಗಿರುವುದು ತಿನ್ನುವ ಬಣ್ಣ, ಮೇಲೆ ಹಾಕುವುದು ಸಕ್ಕರೆಯ ತೆಳು ಹಾಳೆ. ನೀಲಿ, ಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣ ಸೇರಿ ಹಾಳೆಯ ಮೇಲೆ ಮನುಷ್ಯರ ಮುಖವಾಗುತ್ತವೆ. ಹಾಳೆಯನ್ನು ಕೆನೆಯ ಮೇಲೆ ಹಾಸಿದರೆ ಹತ್ತು ನಿಮಿಷದಲ್ಲಿ ಅಂಟಿಕೊಳ್ಳುತ್ತದೆ. "ಈ ಡಬ್ಬ ನಡೆದ್ರೆ ನಡೀತು, ಇಲ್ದಿದ್ರೆ ವಾಪಸ್ ತಟ್ಟೆ ತೊಳಿ" ಎಂದು ಅಣ್ಣ ಮೊದಲ ದಿನವೇ ಹೇಳಿದ್ದ. ಎರಡು ವರ್ಷದಿಂದ ಅದು ನಡೆದಿತ್ತು. ಕಿಟಕಿಯ ಪಕ್ಕದ ಆ ಮೇಜು, ಆ ಕುರ್ಚಿ, ಒಣಗಿದ ಕೈ, ಇವೆಲ್ಲ ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ.

ಆ ದಿನ ಬೆಳಿಗ್ಗೆ ಪ್ರಿಂಟರ್ ಕೈಕೊಟ್ಟಿತು. ಪಕ್ಕದ ಬೀದಿಯ ಶಿಶುವಿಹಾರದ ಇಪ್ಪತ್ತೆರಡು ಮಕ್ಕಳ ಗುಂಪು ಫೋಟೋ ಅದು, ಸಂಜೆ ನಾಲ್ಕಕ್ಕೆ ಕೇಕ್ ತಲುಪಬೇಕು. ಹಾಳೆ ಹೊರಗೆ ಬಂದಾಗ ಮಕ್ಕಳೆಲ್ಲ ಬೂದಿ ಬಳಿದುಕೊಂಡವರ ಹಾಗೆ ಕಂಡರು. ಕಪ್ಪು ಬಿಟ್ಟು ಒಂದು ಬಣ್ಣವೂ ಬಿದ್ದಿರಲಿಲ್ಲ. ಪುಟ್ಟಿ ಪರೀಕ್ಷೆಯ ಗೆರೆಗಳನ್ನು ಹಾಕಿಸಿ ನೋಡಿದಳು. ಕಪ್ಪು ಗೆರೆ ನೆಟ್ಟಗಿದೆ, ಉಳಿದ ಮೂರರ ಜಾಗ ಖಾಲಿ. ಬಣ್ಣದ ಡಬ್ಬಿಗಳು ಮುಕ್ಕಾಲು ತುಂಬಿದ್ದವು. ಪ್ರಿಂಟರಿನೊಳಗೇ ಇರುವ ಶುಚಿ ಮಾಡುವ ಗುಂಡಿಯನ್ನು ಎರಡು ಸಲ ಒತ್ತಿದಳು. ಮೂರನೇ ಸಲ ಒತ್ತಲಿಲ್ಲ, ಬಣ್ಣ ಬಸಿದುಹೋಗುವುದೇ ಹೊರತು ಉಪಯೋಗವಿಲ್ಲ ಎಂದು ಗೊತ್ತಿತ್ತು.

ಮುಚ್ಚಳ ತೆಗೆದಾಗ ಕಾರಣ ಕಣ್ಣಿಗೇ ಬಿತ್ತು. ಬಣ್ಣ ಚಿಮ್ಮಿಸುವ ತಲೆ ಕೆಲಸ ಮುಗಿದ ಮೇಲೆ ಬಲಗಡೆಯ ಮೂಲೆಗೆ ಸರಿದು, ಅಲ್ಲಿನ ಒದ್ದೆ ಮೆತ್ತೆಯ ಮೇಲೆ ಕೂರಬೇಕು. ಅದು ಕಂಬಿಯ ನಟ್ಟನಡುವೆ ಗಾಳಿಗೆ ಬಾಯಿ ತೆರೆದು ನಿಂತಿತ್ತು. ಸಕ್ಕರೆ ಬೆರೆತ ಬಣ್ಣ ಆ ಸಣ್ಣ ತೂತುಗಳಲ್ಲಿ ಒಣಗಿ ಬೆಲ್ಲಗಟ್ಟಿತ್ತು.

"ಅಣ್ಣಾ, ಇದನ್ನ ಯಾರಾದ್ರೂ ಗೋಡೆ ಸ್ವಿಚ್ಚಲ್ಲಿ ಆಫ್ ಮಾಡ್ತಿದ್ದೀರಾ?"

"ನಾನೇ. ಹಾಳೆ ಹೊರಗ್ ಬಂದ ತಕ್ಷಣ ಆಫ್ ಮಾಡ್ಬಿಡು, ಸುಮ್ನೆ ಕರೆಂಟ್ ತಿನ್ನತ್ತೆ ಅಂತ ಭಾವ ಹೇಳಿದ್ರು. ಮೂರು ವಾರದಿಂದ ಹಾಗೇ ಮಾಡ್ತಿದ್ದೀನಿ."

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಹಾಳೆ ಹಿಡಿದು ಕೇಕಿನ ಕಡೆ ತಿರುಗುತ್ತಿದ್ದಂತೆ, ಅವಳ ಬೆನ್ನ ಹಿಂದೆ ಇವನು ಸ್ವಿಚ್ ಆರಿಸುತ್ತಿದ್ದ. ತಲೆ ತನ್ನ ಮೂಲೆ ಸೇರುವ ಮೊದಲೇ ಪ್ರಾಣ ಹೋಗುತ್ತಿತ್ತು. ದೀಪ ಆರಿಸುವುದಕ್ಕೂ ಪ್ರಿಂಟರ್ ಆರಿಸುವುದಕ್ಕೂ ವ್ಯತ್ಯಾಸ ತಿಳಿಯದವರು ಊರಿಗೆಲ್ಲ ಬುದ್ಧಿ ಹೇಳಲು ಹೊರಡುತ್ತಾರಲ್ಲ! ಉಗುರುಬೆಚ್ಚಗಿನ ನೀರಿನಲ್ಲಿ ನಾರು ಬಿಡದ ಬಟ್ಟೆ ಅದ್ದಿ ಹಿಂಡಿ, ಮಡಚಿ, ತಲೆಯ ಕೆಳಗೆ ಇಟ್ಟಳು. ಮೂರು ಗಂಟೆ ಹಾಗೇ ನೆನೆದರೆ ಗಂಟು ಕರಗಬೇಕು. ಅಷ್ಟರಲ್ಲಿ ತೂತು ತೊಳೆಯುವ ದ್ರಾವಣ ತರಬೇಕೆಂದು ಊರಿನ ಆ ತುದಿಗೆ ಹೊರಟಳು. ಹೋಗುವಾಗ, "ಯಾರೂ ಮುಟ್ಬೇಡಿ" ಎಂದು ಹೇಳಿಯೇ ಹೋದಳು.

ಯಾರೂ ಎಂದರೆ ತಾವೂ ಸೇರುತ್ತೇವೆ ಎಂದು ಭಾವ ಯಾವತ್ತಾದರೂ ಅಂದುಕೊಂಡಿದ್ದುಂಟೆ?

ಹನ್ನೆರಡೂವರೆಗೆ ಅವಳು ಮರಳಿದಾಗ ಅಣ್ಣನ ಮುಖ ಊರಗಲ ಅರಳಿತ್ತು. ಮೇಜಿನ ಮೇಲೆ ಕೇಕ್ ಸಿದ್ಧವಾಗಿತ್ತು, ಫೋಟೋ ಆಗಲೇ ಕೆನೆಗೆ ಅಂಟಿತ್ತು. ಇಪ್ಪತ್ತೆರಡು ಮಕ್ಕಳೂ ಕೆಂಪು ಕೆನ್ನೆ, ನೀಲಿ ಅಂಗಿಯಲ್ಲಿ ಫಳಫಳ ಹೊಳೆಯುತ್ತಿದ್ದರು. ಭಾವ ಅವಳ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಸ್ಕ್ರೂಡ್ರೈವರಿನಿಂದ ಉಗುರು ಕೆರೆದುಕೊಳ್ಳುತ್ತಿದ್ದರು.

"ನೋಡಮ್ಮ ಪುಟ್ಟಿ, ಒದ್ದೆ ಬಟ್ಟೆ ಹಾಕೋಕೆ ಇದಕ್ಕೇನು ಜ್ವರ ಬಂದಿತ್ತಾ? ಇದೇನು ಮಹಾ. ಮುಂದಿನ ಸಾಲಲ್ಲಿ ಎರಡು ಜಡೆ ನೋಡು, ನನ್ನ ಮೊಮ್ಮಗಳು. ಹೇಗೆ ಬಂದಿದಾಳೆ!"

ಪುಟ್ಟಿ ಬಗ್ಗಿ ನೋಡಿದಳು. ತಿನ್ನುವ ಬಣ್ಣಕ್ಕೆ ಯಾವಾಗಲೂ ಸ್ವಲ್ಪ ಮಂಕು ಇರುತ್ತದೆ. ಅಂಥ ಕಡು ಗುಲಾಬಿಯನ್ನು ಸಕ್ಕರೆ ಹಾಳೆಯ ಮೇಲೆ ಅವಳು ಎಂದೂ ಕಂಡಿರಲಿಲ್ಲ. ಮೂಗು ಹತ್ತಿರ ತಂದರೆ ಆಫೀಸಿನ ಕಾಗದದ ವಾಸನೆ.

"ಭಾವ, ಒಳಗೇನು ಹಾಕಿದ್ರಿ?"

"ನಿನ್ನ ಬಣ್ಣ ಗಟ್ಟಿಯಾಗಿತ್ತು, ಚೆಲ್ದೆ. ಪಕ್ಕದ ಜೆರಾಕ್ಸ್ ಅಂಗಡಿಯಿಂದ ತಂದು ಸಿರಿಂಜಲ್ಲಿ ತುಂಬಿಸ್ದೆ. ಅದು ನೀರಾಗಿರತ್ತೆ, ತೂತನ್ನ ತಾನೇ ತಳ್ಕೊಂಡು ಬರತ್ತೆ. ಇಂಕು ಅಂದ್ಮೇಲೆ ಎಲ್ಲಾ ಇಂಕೇ."

ಆಫೀಸಿನ ಇಂಕು ಒಮ್ಮೆ ಒಳಹೊಕ್ಕರೆ ಆ ನಾಳಗಳನ್ನು ಎಷ್ಟು ತೊಳೆದರೂ ಮತ್ತೆ ತಿನ್ನುವ ಪದಾರ್ಥಕ್ಕೆ ಬಳಸುವಂತಿಲ್ಲ. ಎರಡು ವರ್ಷ ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿದ ಯಂತ್ರ ಒಂದು ಸಿರಿಂಜಿನಲ್ಲಿ ಮುಗಿದುಹೋಗಿತ್ತು. ಆ ಕ್ಷಣದಲ್ಲಿ ಪುಟ್ಟಿಯ ಮನಸ್ಸು ಮಾಡಿದ ಲೆಕ್ಕಾಚಾರವೂ ಹೊಗಳುವಂಥದ್ದಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಣ್ಣನಿಗೆ ಖುಷಿ, ಬಣ್ಣ ಬರುತ್ತಿದೆ, ಮೇಜು ಉಳಿಯುತ್ತದೆ. ಬಾಯಿ ಬಿಟ್ಟರೆ ನಾಳೆಯಿಂದ ಮತ್ತೆ ಬಿಸಿನೀರು, ಜಿಡ್ಡು, ಒಡೆದ ಬೆರಳು. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಹಾಗೆ ಅನಿಸುವುದು ತಪ್ಪಲ್ಲವೆಂದು ಸಮಾಧಾನ ಹೇಳಿಕೊಳ್ಳಲೂ ನೋಡಿದಳು. ನಾಚಿಕೆಯಾಯಿತು.

"ಅಣ್ಣಾ, ಈ ಕೇಕ್ ಕೊಡೋ ಹಾಗಿಲ್ಲ. ಇದು ತಿನ್ನೋ ಬಣ್ಣ ಅಲ್ಲ."

ಅಣ್ಣ ಭಾವನ ಮುಖ ನೋಡಿದ. ಭಾವ ನಕ್ಕರು. "ನಾನು ಸ್ಕೂಲಲ್ಲಿ ಪೆನ್ನು ಕಚ್ಚಿ ಕಚ್ಚಿ ಎಷ್ಟು ಇಂಕು ಕುಡಿದಿದೀನೋ! ಗುಂಡುಕಲ್ಲಿನ ಹಾಗೆ ಇದೀನಿ. ಒಂದೊಂದು ಮಗುಗೆ ಒಂದೊಂದು ತೊಟ್ಟೂ ಬರಲ್ಲ. ತನ್ನ ಕೈಲಿ ಆಗ್ಲಿಲ್ಲ ಅಂತ ಹೊಟ್ಟೆಕಿಚ್ಚು ಅವಳಿಗೆ."

"ಭಾವ ಅಷ್ಟು ಹೇಳ್ತಿದಾರಲ್ಲ ಪುಟ್ಟಿ," ಎಂದ ಅಣ್ಣ. ಮೂವತ್ತು ಕಿಲೋ ಮೈದಾ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಆಸಾಮಿಗೆ, ಭಾವನ ಎದುರು ಒಂದು 'ಇಲ್ಲ' ಎತ್ತಲು ಆಗುವುದಿಲ್ಲ. "ಹೋಗು, ದೊಡ್ಡ ಡಬ್ಬ ತಗೊಂಡು ಬಾ, ಪ್ಯಾಕ್ ಮಾಡೋಣ."

ಡಬ್ಬ ತರುವ ನೆಪದಲ್ಲಿ ಪುಟ್ಟಿ ಉಗ್ರಾಣಕ್ಕೆ ಹೋಗಿ ರಟ್ಟಿನ ಡಬ್ಬಗಳ ನಡುವೆ ನಿಂತಳು. ಇನ್ನೇನು ಹೇಳಬೇಕು, ಯಾರಿಗೆ ಹೇಳಬೇಕು ಎಂದು ತೋಚಲಿಲ್ಲ. ಶಿಶುವಿಹಾರಕ್ಕೇ ಓಡಿಹೋಗಿ ಹೇಳಿಬಿಡಲೇ ಎಂದುಕೊಳ್ಳುತ್ತಿರುವಾಗ, ಉಗ್ರಾಣದ ಕಿಟಕಿಯ ಆಚೆ, ಹಿತ್ತಿಲಿನಲ್ಲಿ, ಆ ದಪ್ಪ ಧ್ವನಿ ಕೇಳಿಸಿತು. ಭಾವ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು. ಪಿಸುಮಾತು ಎಂದು ಅವರು ನಂಬಿದ್ದ ಆ ದನಿ ಎರಡು ಮನೆಯಾಚೆಗೂ ಕೇಳುವಂತಿತ್ತು.

"ಇವತ್ತು ಪಾಪುನ ಮಧ್ಯಾಹ್ನಾನೇ ಮನೆಗೆ ಕರ್ಕೊಂಡು ಬಂದ್ಬಿಡು... ಏನಿಲ್ಲ, ಆ ಕೇಕ್ ತಿನ್ನೋದು ಬೇಡ ಅವಳು... ಟೀಚರ್‌ಗೆ ಹೊಟ್ಟೆ ಸರಿ ಇಲ್ಲ ಅಂತ ಹೇಳು... ಅದೆಲ್ಲಾ ಆಮೇಲೆ ಹೇಳ್ತೀನಿ, ಈಗ ಹೇಳಿದಷ್ಟು ಮಾಡು."

ಪುಟ್ಟಿ ಡಬ್ಬ ತೆಗೆದುಕೊಳ್ಳಲಿಲ್ಲ. ಒಂದು ತಟ್ಟೆ, ಒಂದು ಚಾಕು ತೆಗೆದುಕೊಂಡು ಹೊರಬಂದಳು. ಭಾವನೂ ಹಿತ್ತಿಲಿನಿಂದ ಬಂದು ಮತ್ತೆ ಅವಳ ಕುರ್ಚಿಯಲ್ಲೇ ಕೂತಿದ್ದರು. ಅಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಮುಂದಿನ ಸಾಲಿನಿಂದಲೇ ಒಂದು ತುಂಡು ಕತ್ತರಿಸಿ, ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ರಿಪೇರಿ ಮಾಡಿದವ್ರು ನೀವು. ಮೊದಲು ನೀವೇ ತಿನ್ನಿ ಭಾವ."

ಭಾವ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ನಂಗೆ ಶುಗರ್ ಅಲ್ವೇನಮ್ಮ! ಡಾಕ್ಟ್ರು ಸಿಹಿ ಮುಟ್ಟಲೇಬೇಡಿ ಅಂದಿದಾರೆ."

"ಪಾಪು ಈ ಕೇಕ್ ತಿನ್ನೋದು ಬೇಡ ಅಂತ ಈಗ ಫೋನಲ್ಲಿ ಹೇಳಿದ್ರಲ್ಲ. ನಾಲ್ಕು ವರ್ಷದ ಮೊಮ್ಮಗಳಿಗೂ ಶುಗರ್ರಾ?"

ಭಾವ ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿದರು. ಅಣ್ಣ ಅವರನ್ನು ನೋಡಿದ. ಇಷ್ಟು ವರ್ಷ ಆ ಬಿಳಿ ಮೀಸೆಯನ್ನಷ್ಟೇ ನೋಡಿದ್ದವನು, ಅದರ ಹಿಂದಿನ ಮನುಷ್ಯನನ್ನು ಅಂದೇ ಮೊದಲ ಸಲ ನೋಡಿದನೇನೋ. ಆಮೇಲೆ ಎರಡೂ ಕೈಯಲ್ಲಿ ಕೇಕ್ ಎತ್ತಿಕೊಂಡುಹೋಗಿ ಕಸದ ಡ್ರಮ್ಮಿಗೆ ಸುರಿದ. ಕೈ ಒರೆಸಿಕೊಳ್ಳುತ್ತಾ ಬಂದು ತಂಗಿಯ ಕಡೆ ತಿರುಗಿದ.

"ಫೋಟೋ ಇಲ್ದೆ, ಬೇರೆ ಕೇಕ್ ಮೇಲೆ ಕೆನೆಯಲ್ಲೇ ಮಕ್ಕಳ ಹೆಸರು ಬರೆದು ಕೊಡೋಕೆ ಎಷ್ಟು ಹೊತ್ತು ಬೇಕು?"

"ಎರಡು ಗಂಟೆ," ಎಂದಳು ಪುಟ್ಟಿ. ಭಾವನ ಕಡೆ ತಿರುಗಿ, "ಸ್ವಲ್ಪ ಏಳಿ, ಅದು ನನ್ನ ಕುರ್ಚಿ," ಎಂದಳು.