ರಾಟಿಯ ಕಾಲಿಗೆ ಕಟ್ಟಿದ ದಾರ

ಅಕ್ಕನಿಗೆ ಹದಿನಾರು ತುಂಬಿದರೂ ಮುಟ್ಟಾಗಿರಲಿಲ್ಲ. ಕಿಬ್ಬೊಟ್ಟೆ ಮಾತ್ರ ಗಟ್ಟಿಯಾಗಿ ಉಬ್ಬುತ್ತಿತ್ತು. ನಮ್ಮೂರು ಬನಹಟ್ಟಿ ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ನೇಕಾರರ ಓಣಿಯಲ್ಲಿ ಅಂಥ ಹೊಟ್ಟೆಗೆ ಎರಡೇ ಅರ್ಥ. ಒಂದನ್ನು ಹೆಂಗಸರು ಪಿಸುಗುಟ್ಟುತ್ತಿದ್ದರು. ಇನ್ನೊಂದನ್ನು ಆಯಿ, ಅಂದರೆ ಅಪ್ಪನ ತಾಯಿ, ಎದುರಿಗೇ ಹೇಳುತ್ತಿದ್ದಳು.

"ಅಮಾಸಿಗೊಮ್ಮೆ ಹಾಸಿಗಿ ಹಿಡೀತಾಳ. ಇದು ದೆವ್ವದ ಗಾಳಿನ. ಹೊಳಿದಂಡಿಗೆ ಒಯ್ದು ಬಿಡಿಸ್ಕೊಂಡು ಬರೂಣು."

ನಾನು ಸಾಲಿಯ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು. ಎದುರಾಳಿಯ ಮಾತನ್ನು ತಳ್ಳುವ ಮೊದಲು ತೂಗಿ ನೋಡಬೇಕು. ಅಮಾಸಿಗೇ ಏಕೆ? ಅಕ್ಕನನ್ನೇ ಕೇಳಿದೆ.

ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುವ ರಾಟಿಯ ಕಾಲು ತೋರಿಸಿದಳು. ಅಲ್ಲೊಂದು ದಾರ. ದಿನಕ್ಕೊಂದು ಗಂಟು, ನೋವು ಶುರುವಾದ ದಿನ ಗಂಟಿಗೆ ಕೆಂಪು ನೂಲು. ಎಣಿಸಿದೆ. ಕೆಂಪಿನಿಂದ ಕೆಂಪಿಗೆ ಇಪ್ಪತ್ತೆಂಟು, ಇಪ್ಪತ್ತೇಳು, ಮತ್ತೆ ಇಪ್ಪತ್ತೆಂಟು. ಪಂಚಾಂಗ ತೆಗೆದು ತಾಳೆ ನೋಡಿದೆ. ಹತ್ತು ಕೆಂಪು ಗಂಟುಗಳಲ್ಲಿ ಅಮಾಸಿಗೆ ಬಿದ್ದದ್ದು ಒಂದೇ.

"ಮತ್ತ ಅಮಾಸಿಗೆ ಯಾಕ ಮಲಗ್ತಿ?"

"ಅವತ್ತೊಂದ ದಿನ ಅಲ್ಲೇನು ಮಗ್ಗ ಬಂದ್ ಇರೂದು? ಉಳಿದ ದಿನ ಮಲಗಿದ್ರ ಅಪ್ಪಗ ಕಂಡಿಕಿ ನೀ ಸುತ್ತಿ ಕೊಡ್ತಿಯೇನು, ಭಾಷಣಗಾರ್ತಿ?"

ದಾರ ಬಿಚ್ಚಿ ಅಪ್ಪನ ಮಗ್ಗದ ಮೇಲಿಟ್ಟೆ.

"ಅಪ್ಪಾ, ಗಾಳಿ ಆಗಿದ್ರ ಅಮಾಸಿ ತಪ್ಪಿಸ್ತಿತ್ತೇನು? ಇದು ತಿಂಗಳ ಲೆಕ್ಕ. ಒಳಗ ಆಗಾಕತ್ತೈತಿ, ಹೊರಗ ಬರವಲ್ದು."

"ಏನ ಬಾಯಿ ಇದು! ವಕೀಲಕಿ ಮಾಡಾಕ ಹುಟ್ಯಾಳ," ಎಂದಳು ಆಯಿ.

"ಹೌದು ಆಯಿ. ವಕೀಲರ ಮಾತ ಕೇಳ್ರಿ, ಜಮಖಂಡಿ ದವಾಖಾನಿಗೆ ಬಸ್ ಹತ್ತಿಸ್ರಿ."

ಅಪ್ಪನವು ಎಳೆ ಎಣಿಸಿಯೇ ಸವೆದ ಬೆರಳುಗಳು. ದಾರವನ್ನು ತಾನೇ ಎರಡು ಸಲ ಎಣಿಸಿದ. ಮಗ್ಗದ ಮೇಲೆ ಅರ್ಧ ಸೀರೆ ಉಳಿದಿತ್ತು. ಹಾಗೇ ಬಿಟ್ಟು, ಕಾಲಿಳಿಬಿಟ್ಟು ಕೂತಿದ್ದ ಕುಣಿಯಿಂದ ಎದ್ದ.

ಜಮಖಂಡಿಯ ಡಾಕ್ಟರಬಾಯಿ ಅಕ್ಕನನ್ನು ಪರೀಕ್ಷಿಸಿ ಹೊರಗೆ ಬಂದರು.

"ಹುಟ್ಟಿನಿಂದ ದಾರಿಗೆ ಪರದೆ ಅಡ್ಡ ಐತ್ರಿ. ಹತ್ತು ತಿಂಗಳ ರಕ್ತ ಒಳಗ ನಿಂತೈತಿ. ತಡಾ ಮಾಡಿದ್ರ ಗರ್ಭಚೀಲಕ್ಕ ಕುತ್ತು. ಇವತ್ತ ಕೊಯ್ದು ದಾರಿ ಬಿಡಿಸ್ತೇನಿ."

ಎಂಟು ದಿನಕ್ಕೆ ಮನೆಗೆ ಬಂದೆವು. ಹೊಟ್ಟೆ ಇಳಿದಿತ್ತು. ಆಯಿ ತಾಟಿನಲ್ಲಿ ಹೊಸ ಕುಬಸ, ಅರಿಷಿಣ ತೆಗೆದಿಟ್ಟಿದ್ದಳು.

"ಅಂತೂ ದೊಡ್ಡಾಕಿ ಆದೀ ನನ್ನವ್ವಾ. ನಾಳೆ ಆರತಿ ಮಾಡೂಣು."

"ನಾ ದೊಡ್ಡಾಕಿ ಆಗಿ ಹತ್ತ ತಿಂಗಳಾತು, ಆಯಿ," ಎಂದಳು ಅಕ್ಕ. ವಾದ ಮಾಡದವಳು ಅವಳು, ದನಿ ಏರಿರಲಿಲ್ಲ. "ಆರತಿ ಮಾಡ್ರಿ. ಓಣಿಯವರನ್ನೆಲ್ಲಾ ಕರೀರಿ. ಆದ್ರ ತಾಟಿನ್ಯಾಗ ಆ ದಾರ ಇರಬೇಕು. ಪಿಸಪಿಸ ಅಂದವರು ಎಣಿಸಿ ನೋಡ್ಲಿ."

ಅಪ್ಪ ಅಂಗಿಯ ಕಿಸೆಯಿಂದ ದಾರ ತೆಗೆದು ತಾಟಿನಲ್ಲಿಟ್ಟ.